ನಡು ಆಕಾಶದಲ್ಲಿ ಕೆಟ್ಟಾಗ

2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ನೆಲ ಬಿಟ್ಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಪೈಲಟ್‌ಗಳು ತಡಮಾಡದೆ ಕೆಂಪೇಗೌಡ ನಿಲ್ದಾಣಕ್ಕೇ ಮರಳಿ ಇಳಿಸಿದರು. ವಿಮಾನ ನಿಂತದ್ದೇ ತಡ, 179 ಪ್ರಯಾಣಿಕರನ್ನೂ ಕೆಳಗಿಳಿಸಿ ದೂರ ಕಳಿಸಿದರು.

ಅದೇ ವರ್ಷ ಅಕ್ಟೋಬರ್ 11ರ ಸಂಜೆ ಅದೇ ಕಂಪನಿಯ ಇನ್ನೊಂದು ವಿಮಾನ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟಿತು. ಒಳಗೆ 141 ಪ್ರಯಾಣಿಕರು. ಮೇಲೇರಿದ ಸ್ವಲ್ಪ ಹೊತ್ತಿಗೆ ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟಿತು. ಈ ವಿಮಾನ ಮಾತ್ರ ತಕ್ಷಣ ಇಳಿಯಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಊರಿನ ಆಸುಪಾಸಿನಲ್ಲೇ ಸುತ್ತಿತು. ಟಿವಿಯಲ್ಲಿ ನೇರಪ್ರಸಾರ, ಮೊಬೈಲಿನಲ್ಲಿ ವಿಮಾನದ ಜಾಡು ತೋರಿಸುವ ನಕ್ಷೆಯ ಮೇಲೆ ಉಂಡೆ ಸುತ್ತಿದ ದಾರದಂಥ ಗೆರೆ, ಕೆಳಗೆ ಸಾಲುಗಟ್ಟಿ ನಿಂತ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳು. ದೇಶಕ್ಕೆ ದೇಶವೇ ಉಸಿರು ಬಿಗಿಹಿಡಿದು ಕೂತಿತ್ತು. ರಾತ್ರಿ ಎಂಟು ದಾಟಿದ ಮೇಲೆ ವಿಮಾನ ಸುಸೂತ್ರವಾಗಿ ಇಳಿಯಿತು.

ಒಂದು ಕಡೆ ಕೆಲವೇ ನಿಮಿಷಗಳಲ್ಲಿ ನೆಲಕ್ಕೆ, ಇನ್ನೊಂದು ಕಡೆ ಗಂಟೆಗಟ್ಟಲೆ ಗಾಳಿಯಲ್ಲಿ. ತಿರುಚಿಯ ಪ್ರಯಾಣಿಕರ ಮನೆಯವರು ಆ ಸಂಜೆ ಕೇಳಿಕೊಂಡಿರಬಹುದಾದ ಪ್ರಶ್ನೆ ಸಹಜವಾದದ್ದೇ: ಕೆಟ್ಟಿದೆ ಎಂದು ಗೊತ್ತಾದ ಮೇಲೂ ಇಳಿಸದೆ ಇವರೇನು ಮಾಡುತ್ತಿದ್ದಾರೆ? ಉತ್ತರ ಗೊತ್ತಿದ್ದರೆ ಆ ಎರಡು ಗಂಟೆಯ ಸಂಕಟ ಒಂದಿಷ್ಟಾದರೂ ಕಡಿಮೆಯಾಗುತ್ತಿತ್ತು ಎಂಬುದು ನನ್ನ ನಂಬಿಕೆ. ಯಾಕೆಂದರೆ ಎರಡೂ ತೀರ್ಮಾನಗಳು ಸರಿಯಾಗಿದ್ದವು, ಮತ್ತು ಎರಡೂ ಒಂದೇ ಕ್ರಮದ ವಿಚಾರದಿಂದ ಬಂದವು.

ತಿರುಚಿಯದ್ದನ್ನೇ ಮೊದಲು ನೋಡೋಣ. ಕೊಳವೆಯೊಳಗಿನ ಎಣ್ಣೆಯನ್ನು ಭಾರೀ ಒತ್ತಡದಲ್ಲಿ ತಳ್ಳಿ ದೊಡ್ಡ ಭಾರವನ್ನು ಕದಲಿಸುವುದು ಹೈಡ್ರಾಲಿಕ್ ತತ್ವ. ಜೆಸಿಬಿಯ ತೋಳು ಮೇಲೇಳುವುದೂ ಹೀಗೆಯೇ. ವಿಮಾನದಲ್ಲಿ ಚಕ್ರಗಳನ್ನು ಮಡಚುವುದು, ಬಿಡಿಸುವುದು, ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಚಾಚುವುದು, ಬ್ರೇಕು ಹಿಡಿಯುವುದು ಎಲ್ಲವೂ ಈ ಎಣ್ಣೆಯ ಬಲದಿಂದ. ಅದಕ್ಕಾಗಿಯೇ ತಿರುಚಿಯ ಆ ವಿಮಾನದ ಮಾದರಿಯಾದ ಬೋಯಿಂಗ್ 737ರಲ್ಲಿ ಎರಡು ಮುಖ್ಯ ಹೈಡ್ರಾಲಿಕ್ ವ್ಯವಸ್ಥೆಗಳಿವೆ, ಮೂರನೆಯದೊಂದು ಮೀಸಲು. ಒಂದು ಹೋದರೆ ಇನ್ನೊಂದು ವಿಮಾನವನ್ನು ಹಿಡಿತದಲ್ಲಿ ಇಡುತ್ತದೆ. ಎರಡೂ ಹೋದರೂ 737ರಲ್ಲಿ ಪೈಲಟ್ ಕೈಬಲದಿಂದಲೇ ಉಕ್ಕಿನ ತಂತಿಗಳ ಮೂಲಕ ವಿಮಾನವನ್ನು ಮಣಿಸಬಹುದು. ಚಕ್ರಗಳ ಕೊಂಡಿಯನ್ನು ಕೈಯಿಂದ ಎಳೆದು ಬಿಡಿಸಿದರೆ ಅವು ತಮ್ಮ ಭಾರಕ್ಕೇ ಕೆಳಗಿಳಿದು ಬಿಗಿದುಕೊಳ್ಳುತ್ತವೆ. ಫ್ಲ್ಯಾಪ್ ಚಾಚಲು ಬೇರೆಯಾಗಿ ವಿದ್ಯುತ್ ಮೋಟರ್ ಇದೆ. ಅಂದರೆ ಹಾರುತ್ತಿರುವಷ್ಟು ಹೊತ್ತು ಆ ವಿಮಾನಕ್ಕೆ ದೊಡ್ಡ ಅಪಾಯವೇನೂ ಇರಲಿಲ್ಲ. ಕಷ್ಟ ಇದ್ದದ್ದು ಇಳಿಯುವ ಗಳಿಗೆಯಲ್ಲಿ.

ಶಾರ್ಜಾದವರೆಗಿನ ಇಂಧನ ತುಂಬಿಕೊಂಡು ಹೊರಟ ವಿಮಾನ ಭಾರವಾಗಿರುತ್ತದೆ. 737-800 ಮಾದರಿ ಸುಮಾರು 79 ಟನ್ ಭಾರದೊಂದಿಗೆ ನೆಲ ಬಿಟ್ಟೇಳಬಲ್ಲದು, ಆದರೆ ಇಳಿಯುವಾಗ ಅದರ ಮಿತಿ ಸುಮಾರು 66 ಟನ್. ಭಾರ ಹೆಚ್ಚಿದಷ್ಟೂ ಇಳಿಯುವ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ನಿಲ್ಲಲು ಬೇಕಾದ ರನ್‌ವೇ ಉದ್ದ. ಬ್ರೇಕಿನ ಬಲವೂ ಕುಗ್ಗಿರಬಹುದಾದ ದಿನ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಬೋಯಿಂಗ್ 777ರಂಥ ದೊಡ್ಡ ವಿಮಾನಗಳು ರೆಕ್ಕೆಯಿಂದ ಇಂಧನವನ್ನು ಗಾಳಿಗೆ ಚೆಲ್ಲಬಲ್ಲವು. 737ಕ್ಕೆ ಆ ಸೌಲಭ್ಯವಿಲ್ಲ, ಉರಿಸಿಯೇ ಖಾಲಿ ಮಾಡಬೇಕು. ಆ ಎರಡು ಗಂಟೆ ವಿಮಾನ ದಿಕ್ಕುಗಾಣದೆ ಅಲೆಯುತ್ತಿರಲಿಲ್ಲ. ಟನ್ನುಗಟ್ಟಲೆ ಇಂಧನ ಉರಿಸಿ ಹಗುರಾಗುತ್ತಿತ್ತು. ಜೊತೆಗೆ ಕಾಕ್‌ಪಿಟ್ಟಿನಲ್ಲಿ ಕೂತ ಇಬ್ಬರಿಗೆ ಪುಸ್ತಕ ತೆರೆದು ಓದಲು, ಲೆಕ್ಕ ಹಾಕಲು, ಕೆಳಗಿನ ಎಂಜಿನಿಯರುಗಳ ಜೊತೆ ಮಾತಾಡಲು ಸಮಯ ಸಿಕ್ಕಿತು.

ಬೆಂಕಿಯ ವಿಷಯ ಬೇರೆ. ಬೆಂಕಿ ಹತ್ತಿದ ವಿಮಾನಕ್ಕೆ ಗಾಳಿಯಲ್ಲಿ ಕಳೆದ ಪ್ರತಿ ನಿಮಿಷವೂ ವೈರಿ. 1998ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111ರ ಕಾಕ್‌ಪಿಟ್ಟಿನಲ್ಲಿ ಹೊಗೆ ಕಾಣಿಸಿತು. ಪೈಲಟ್‌ಗಳು ಕ್ರಮಬದ್ಧವಾಗಿ ತಯಾರಿ ನಡೆಸಿದರು, ಇಂಧನ ಚೆಲ್ಲಲು ಸಮುದ್ರದ ಕಡೆ ತಿರುಗಿದರು. ಅಷ್ಟರಲ್ಲಿ ಚಾವಣಿಯೊಳಗಿನ ವೈರುಗಳ ಬೆಂಕಿ ಎಲ್ಲವನ್ನೂ ನುಂಗಿತು. ಕೆನಡಾದ ನೋವಾ ಸ್ಕೋಷಿಯಾದ ಕಡಲಿನಲ್ಲಿ 229 ಜನ ಸತ್ತರು. ತಕ್ಷಣ ಇಳಿಯಲು ಹೊರಟಿದ್ದರೂ ನಿಲ್ದಾಣ ಮುಟ್ಟಲು ಆಗುತ್ತಿರಲಿಲ್ಲ ಎಂದು ತನಿಖೆ ಹೇಳಿತು. ಆದರೂ ಆ ಸಾವುಗಳ ನಂತರ ಹೊಗೆ ಮತ್ತು ಬೆಂಕಿಯ ವಿಷಯದಲ್ಲಿ ಪೈಲಟ್ ಜಗತ್ತಿನ ಮನೋಭಾವವೇ ಬದಲಾಯಿತು: ಮೂಲ ಹುಡುಕುತ್ತ ಕೂರಬೇಡ, ಭಾರದ ಮಿತಿ ಮೀರಿದ್ದರೂ ಪರವಾಗಿಲ್ಲ, ಹತ್ತಿರದ ರನ್‌ವೇಗೆ ಇಳಿಸು. ಬೆಂಗಳೂರಿನ ಆ ರಾತ್ರಿ ಅಷ್ಟು ಬೇಗ ಮರಳಿದ್ದರ ಹಿಂದೆ ಈ ಪಾಠವಿದೆ.

ಹಾಗಾದರೆ ತೊಂದರೆ ಬಂದಾಗ ಪೈಲಟ್ ಕೇಳಿಕೊಳ್ಳುವ ಮೊದಲ ಪ್ರಶ್ನೆ ಏನು ಕೆಟ್ಟಿತು ಎಂಬುದೇ? ಇಲ್ಲ. ಅದಕ್ಕೂ ಮೊದಲಿನದೊಂದಿದೆ: ವಿಮಾನ ಈಗ ಸರಿಯಾಗಿ ಹಾರುತ್ತಿದೆಯೇ? ಜಗತ್ತಿನ ಯಾವ ಮೂಲೆಯಲ್ಲಿ ತರಬೇತಿ ಪಡೆದ ಪೈಲಟ್ಟಿಗೂ ಮೊದಲ ದಿನದಿಂದ ಉರು ಹೊಡೆಸುವ ಕ್ರಮ ಇದು. ಮೊದಲು ವಿಮಾನ ಹಾರಿಸು. ಆಮೇಲೆ ಎಲ್ಲಿಗೆ ಹೋಗುತ್ತಿದ್ದೇನೆಂದು ನೋಡು. ಆಮೇಲೆ ಮಾತಾಡು. ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತಿರಲಿ, ಕೆಂಪು ದೀಪ ಮಿನುಗುತ್ತಿರಲಿ, ಒಬ್ಬರ ಕಣ್ಣು ವೇಗ, ಎತ್ತರ, ರೆಕ್ಕೆಯ ಓರೆ ಇವುಗಳಿಂದ ಕದಲಬಾರದು. ನೆಲದ ಮೇಲಿನ ಯಂತ್ರ ಕೆಟ್ಟರೆ ನಿಲ್ಲಿಸಿ ಬಿಚ್ಚಿ ನೋಡಬಹುದು. ಹಾರುತ್ತಿರುವ ಯಂತ್ರಕ್ಕೆ ನಿಲ್ಲುವುದೆಂಬುದೇ ಇಲ್ಲ.

ಇಷ್ಟು ಸರಳವಾದ ಮಾತನ್ನು ಉರು ಹೊಡೆಸುವ ಅಗತ್ಯವೇನು ಎನ್ನುವವರಿಗೆ 1972ರ ಡಿಸೆಂಬರ್ 29ರ ಕಥೆ ಹೇಳಬೇಕು. ನ್ಯೂಯಾರ್ಕಿನಿಂದ ಮಯಾಮಿಗೆ ಬಂದ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ಇಳಿಯಲು ಸಿದ್ಧವಾಗುತ್ತಿತ್ತು. ಮೂತಿಯ ಚಕ್ರ ಕೆಳಗಿಳಿದು ಬಿಗಿದುಕೊಂಡಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಎರಡು ಸಾವಿರ ಅಡಿ ಎತ್ತರಕ್ಕೆ ಹೋಗಿ, ಆಟೋಪೈಲಟ್‌ಗೆ ಒಪ್ಪಿಸಿ, ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಬಲ್ಬಿನ ಡಬ್ಬಿ ಬಿಚ್ಚಿದರು, ಅದು ಸಿಕ್ಕಿಕೊಂಡಿತು. ಒಬ್ಬರು ಕೆಳಗಿನ ಗೂಡಿಗಿಳಿದು ಚಕ್ರವನ್ನು ಕಣ್ಣಾರೆ ನೋಡಲು ಹೋದರು. ಈ ಗದ್ದಲದಲ್ಲಿ ಆಟೋಪೈಲಟ್ ಎತ್ತರ ಕಾಯುವುದನ್ನು ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ಕೆಳಗೆ ಎವರ್‌ಗ್ಲೇಡ್ಸ್ ಜೌಗು, ಸುತ್ತ ಕಗ್ಗತ್ತಲು. ವಿಮಾನ ನಿಧಾನವಾಗಿ ಇಳಿಯುತ್ತಲೇ ಹೋಗಿ ಜೌಗಿಗೆ ಬಡಿಯಿತು. 176 ಜನರಲ್ಲಿ 101 ಮಂದಿ ಸತ್ತರು. ಚಕ್ರ ಸರಿಯಾಗಿಯೇ ಇತ್ತು. ಕೆಟ್ಟಿದ್ದದ್ದು ಆ ಸಣ್ಣ ಬಲ್ಬು.

ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ಕರುಳು ಕಿವುಚಿದಂತಾಗುತ್ತದೆ. ಅವರು ಸೋಮಾರಿಗಳಾಗಿರಲಿಲ್ಲ, ಅನನುಭವಿಗಳೂ ಆಗಿರಲಿಲ್ಲ. ತೊಂದರೆಯನ್ನು ಪರಿಹರಿಸುವ ಉತ್ಸಾಹವೇ ಅವರನ್ನು ಕೊಂದಿತು. ಅಂದಿನಿಂದ ಕಾಕ್‌ಪಿಟ್ಟಿನ ಕೆಲಸದ ಹಂಚಿಕೆ ಕಟ್ಟುನಿಟ್ಟಾಗುತ್ತ ಬಂದಿದೆ. ಇಂದು ಯಾವ ಗಳಿಗೆಯಲ್ಲೂ ಒಬ್ಬರು ವಿಮಾನ ಹಾರಿಸುವವರು, ಇನ್ನೊಬ್ಬರು ಗಮನಿಸುವವರು. ತೊಂದರೆ ಬಂದಾಗ ಬಹಳ ಸಲ ಕ್ಯಾಪ್ಟನ್ ಹಾರಾಟವನ್ನು ಫಸ್ಟ್ ಆಫೀಸರಿಗೆ ಒಪ್ಪಿಸಿ, ತಾನು ಯೋಚಿಸುವ ಕೆಲಸ ಹಿಡಿಯುತ್ತಾರೆ. ಹಿಡಿತ ಕೊಟ್ಟೆ, ಹಿಡಿತ ತೆಗೆದುಕೊಂಡೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳುವುದು ನಿಯಮ. ಊಹೆಗೆ ಅಲ್ಲಿ ಜಾಗವಿಲ್ಲ.

ಇನ್ನೊಂದು ನಿಯಮ: ಮರಳಿ ಸರಿಪಡಿಸಲಾಗದ ಯಾವುದನ್ನೂ ಒಬ್ಬರೇ ಮಾಡಕೂಡದು. ಎಂಜಿನ್ ಆರಿಸುವ ಸ್ವಿಚ್ಚಿನ ಮೇಲೆ ಒಬ್ಬರು ಕೈಯಿಡುತ್ತಾರೆ. ಇನ್ನೊಬ್ಬರು ನೋಡಿ, ಹೌದು, ಅದೇ ಎಂದ ಮೇಲೆಯೇ ಕೈ ಕದಲಬೇಕು. ಇದರ ಹಿಂದೆಯೂ ಸಮಾಧಿಗಳಿವೆ. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ಬ್ರಿಟಿಷ್ ಮಿಡ್‌ಲ್ಯಾಂಡ್ ವಿಮಾನದಲ್ಲಿ ಎಡ ಎಂಜಿನ್ನಿನ ಫ್ಯಾನಿನ ಅಲಗು ಮುರಿದಿತ್ತು. ಪೈಲಟ್‌ಗಳು ಆರಿಸಿದ್ದು ಬಲದ್ದನ್ನು. ಕಾಕತಾಳೀಯವಾಗಿ ಆ ಹೊತ್ತಿಗೆ ಅದುರಾಟವೂ ಕಡಿಮೆಯಾದದ್ದರಿಂದ ಸರಿಯಾದದ್ದನ್ನೇ ಮಾಡಿದೆವೆಂದು ನಂಬಿದರು. ಬಲ ಎಂಜಿನ್ನಿನಲ್ಲಿ ತೊಂದರೆ ಎಂದು ಕ್ಯಾಪ್ಟನ್ ಘೋಷಿಸಿದಾಗ ಎಡಗಡೆ ಕಿಡಿ ಹಾರುವುದನ್ನು ಕಂಡಿದ್ದ ಪ್ರಯಾಣಿಕರು ಒಳಗೆ ಇದ್ದರು. ಯಾರೂ ಎದ್ದು ಹೇಳಲಿಲ್ಲ. ರನ್‌ವೇ ಕಣ್ಣಳತೆಯಲ್ಲಿದ್ದಾಗ ಎಡ ಎಂಜಿನ್ನೂ ನಿಂತಿತು. 47 ಜನ ಸತ್ತರು. ಈಗ ಗಗನಸಖಿಯರಿಗೆ ಸ್ಪಷ್ಟವಾಗಿ ಕಲಿಸುತ್ತಾರೆ: ನೀವು ಕಂಡದ್ದನ್ನು ಕಾಕ್‌ಪಿಟ್ಟಿಗೆ ತಿಳಿಸಿ, ಅವರಿಗೆ ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ಪ್ರಯಾಣಿಕರೂ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕಿಟಕಿಯಾಚೆ ವಿಚಿತ್ರವಾದದ್ದು ಕಂಡರೆ ಹೇಳಲು ಸಂಕೋಚ ಬೇಡ. ರೆಕ್ಕೆ ಪೈಲಟ್ಟಿನ ಕಣ್ಣಿಗಿಂತ ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಈ ನಿಯಮಗಳಷ್ಟೇ ಮುಖ್ಯವಾದ ಇನ್ನೊಂದು ಆಸರೆ ಚೆಕ್‌ಲಿಸ್ಟ್. ಅದು ಹುಟ್ಟಿದ್ದು ಇದಕ್ಕಿಂತ ಬಹಳ ಹಿಂದೆ. 1935ರಲ್ಲಿ ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನ ಪರೀಕ್ಷಾ ಹಾರಾಟದಲ್ಲಿ ನೆಲ ಬಿಟ್ಟ ಕೂಡಲೇ ಕೆಳಗೆ ಬಿತ್ತು. ನಿಂತ ವಿಮಾನದ ಬಾಲದ ಭಾಗಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗ ತೆಗೆಯಲು ಅನುಭವಿ ಪೈಲಟ್ ಮರೆತಿದ್ದರು. ಇಷ್ಟು ಜಟಿಲ ಯಂತ್ರವನ್ನು ನೆನಪಿನ ಬಲದಿಂದ ಮಾತ್ರ ನಡೆಸಲಾಗದು ಎಂದು ಅರಿವಾಗಿ ಸಣ್ಣದೊಂದು ಪಟ್ಟಿ ಬರೆದರು. ಇಂದು ಪ್ರತಿ ಕಾಕ್‌ಪಿಟ್ಟಿನಲ್ಲೂ ತೊಂದರೆಗಳ ಕೈಪಿಡಿಯೊಂದು ಪುಸ್ತಕವಾಗಿಯೋ ಪರದೆಯ ಮೇಲೋ ಕೈಗೆಟುಕುವಂತಿರುತ್ತದೆ. ಏರ್‌ಬಸ್ ವಿಮಾನಗಳಲ್ಲಿ ಕಂಪ್ಯೂಟರೇ ದೋಷವನ್ನು ಗುರುತಿಸಿ, ಮಾಡಬೇಕಾದದ್ದನ್ನು ಒಂದೊಂದೇ ಸಾಲಾಗಿ ತೋರಿಸುತ್ತದೆ.

ಪುಸ್ತಕ ತೆಗೆಯಲೂ ಸಮಯವಿಲ್ಲದ ಕೆಲವು ಸಂದರ್ಭಗಳಿವೆ. ಅವಕ್ಕೆ ಮಾತ್ರ ಬಾಯಿಪಾಠ. ಮೂವತ್ತೈದು ಸಾವಿರ ಅಡಿಯಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಹಠಾತ್ತಾಗಿ ಹೋದರೆ ಮನುಷ್ಯನ ಬುದ್ಧಿ ಸ್ಥಿಮಿತದಲ್ಲಿರುವುದು ಒಂದು ನಿಮಿಷಕ್ಕೂ ಕಡಿಮೆ. ಪೈಲಟ್ ಮೊದಲು ತನ್ನ ಆಮ್ಲಜನಕದ ಮುಖವಾಡ ಹಾಕಿಕೊಳ್ಳುತ್ತಾರೆ, ಆಮೇಲೆ ಬೇರೆಲ್ಲ. ನಂತರ ಹತ್ತು ಸಾವಿರ ಅಡಿಗೆ ವೇಗದ ಇಳಿತ. ಒಳಗಿರುವವರಿಗೆ ವಿಮಾನ ಬೀಳುತ್ತಿದೆ ಎನ್ನಿಸುವುದು ಇಂಥ ಹೊತ್ತಿನಲ್ಲೇ. ನಿಜಕ್ಕೂ ಅದು ಎಲ್ಲರೂ ಉಸಿರಾಡಬಹುದಾದ ಗಾಳಿಗೆ ಅವಸರದಿಂದ, ಆದರೆ ಹಿಡಿತದಲ್ಲಿ ಇಳಿಯುತ್ತಿರುತ್ತದೆ.

ನೆಲ ಬಿಡುವ ಗಳಿಗೆಯ ಲೆಕ್ಕವೂ ಮೊದಲೇ ಮುಗಿದಿರುತ್ತದೆ. ಪ್ರತಿ ಟೇಕಾಫಿಗೂ ಮುಂಚೆ ಆ ದಿನದ ಭಾರ, ಗಾಳಿ, ತಾಪಮಾನ, ರನ್‌ವೇ ಉದ್ದಕ್ಕೆ ತಕ್ಕಂತೆ ಒಂದು ನಿರ್ಣಯದ ವೇಗ ಗೊತ್ತುಪಡಿಸುತ್ತಾರೆ. ಆ ವೇಗಕ್ಕೆ ಮೊದಲು ಎಂಜಿನ್ ಕೆಟ್ಟರೆ ನಿಲ್ಲಿಸುವುದು, ದಾಟಿದ ಮೇಲೆ ಕೆಟ್ಟರೆ ಒಂದೇ ಎಂಜಿನ್ನಿನಲ್ಲಿ ಏರುವುದು. ಏರುವಾಗಲೂ ಕೈ ಗಡಿಬಿಡಿ ಮಾಡುವುದಿಲ್ಲ. ಸಾಮಾನ್ಯವಾಗಿ ನೆಲದಿಂದ 400 ಅಡಿ ದಾಟುವವರೆಗೆ ವಿಮಾನವನ್ನು ನೆಟ್ಟಗೆ ಹಾರಿಸುವುದು, ಚಕ್ರ ಮಡಚುವುದು, ಇವೆರಡೇ ಕೆಲಸ. ಕೆಟ್ಟ ಎಂಜಿನ್ ಅಷ್ಟು ಹೊತ್ತು ಕಾಯಬಹುದು.

ಈ ಎಲ್ಲ ಕ್ರಮವೂ ಒಂದೇ ಬೆಳಗಿನಲ್ಲಿ ಒರೆಗೆ ಹಚ್ಚಲ್ಪಟ್ಟದ್ದು 2010ರ ನವೆಂಬರ್ 4ರಂದು. ಲಂಡನ್ನಿನಿಂದ ಬಂದಿದ್ದ ಕ್ವಾಂಟಾಸ್ 32, ಅಂದರೆ ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನವಾದ ಏರ್‌ಬಸ್ ಎ380, ಸಿಂಗಪುರದ ಚಾಂಗಿ ನಿಲ್ದಾಣದಿಂದ ಸಿಡ್ನಿಗೆ ಹೊರಟಿತು. ಒಳಗೆ 469 ಜನ. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಅವರ ಕೆಲಸದ ಪರೀಕ್ಷೆಯೂ ಅಂದೇ ಇದ್ದುದರಿಂದ ಕಾಕ್‌ಪಿಟ್ಟಿನಲ್ಲಿ ಐವರು ಪೈಲಟ್‌ಗಳಿದ್ದರು. ಹೊರಟ ನಾಲ್ಕು ನಿಮಿಷಕ್ಕೆ, ಸುಮಾರು ಏಳು ಸಾವಿರ ಅಡಿಯಲ್ಲಿ, ಎರಡು ಸಲ ಢಮ್ ಎಂದಿತು. ನಾಲ್ಕು ಎಂಜಿನ್‌ಗಳಲ್ಲಿ ಎಡ ಒಳಬದಿಯದು ಸಿಡಿದಿತ್ತು.

ಎಂಜಿನ್ ನಿಲ್ಲುವುದು ಬೇರೆ, ಸಿಡಿಯುವುದು ಬೇರೆ. ಫ್ಯಾನಿನ ಅಲಗು ಮುರಿದರೆ ಅದನ್ನು ಹಿಡಿದಿಡುವಷ್ಟು ಗಟ್ಟಿಯಾದ ಕವಚ ಎಂಜಿನ್ನಿಗಿರುತ್ತದೆ. ಅಲಗುಗಳನ್ನು ಹೊತ್ತು ತಿರುಗುವ ಭಾರವಾದ ಲೋಹದ ತಟ್ಟೆಯೇ ಒಡೆದರೆ ಯಾವ ಕವಚವೂ ತಡೆಯದು. ಅಂದು ಆದದ್ದು ಅದೇ. ತುಂಡುಗಳು ರೆಕ್ಕೆಯನ್ನು ತೂತು ಮಾಡಿ, ನೂರಾರು ವೈರುಗಳನ್ನು ಕತ್ತರಿಸಿ, ಇಂಧನದ ತೊಟ್ಟಿಯನ್ನು ಸೀಳಿ, ಕೆಳಗಿನ ಬಾಟಾಮ್ ದ್ವೀಪದ ಮೇಲೆ ಬಿದ್ದವು. ಪರದೆಯ ಮೇಲೆ ದೋಷದ ಸಂದೇಶಗಳು ಒಂದರ ಹಿಂದೊಂದು ನುಗ್ಗಿದವು, ಮೊದಲ ಹಂತದಲ್ಲೇ 43. ಇಂಥ ದುರವಸ್ಥೆಯನ್ನು ಎ380ನ್ನು ಕಟ್ಟಿದವರೂ ಊಹಿಸಿರಲಿಲ್ಲ. ಯಾವ ಸಿಮ್ಯುಲೇಟರಿನಲ್ಲೂ ಇದನ್ನು ಯಾರಿಗೂ ಕಲಿಸಿರಲಿಲ್ಲ.

ಅವರು ಮಾಡಿದ್ದನ್ನು ನೋಡಿ. ಕ್ಯಾಪ್ಟನ್ ಏರಿಕೆ ನಿಲ್ಲಿಸಿ ವಿಮಾನವನ್ನು ಸಮತಟ್ಟಾಗಿ ಹಿಡಿದರು. ರೇಡಿಯೊದಲ್ಲಿ ಪ್ಯಾನ್-ಪ್ಯಾನ್ ಎಂಬ ತುರ್ತು ಸಂಕೇತ ಕೊಟ್ಟರು. ನಿಲ್ದಾಣದ ಹತ್ತಿರವೇ ಸುತ್ತಲು ಜಾಗ ಕೇಳಿದರು. ಆಮೇಲೆ ಸುಮಾರು ಐವತ್ತು ನಿಮಿಷ ಆ ಸಂದೇಶಗಳನ್ನು ಒಂದೊಂದಾಗಿ ಓದಿ, ಹೇಳಿದ್ದನ್ನು ಮಾಡುತ್ತ ಹೋದರು. ಕೆಲವೆಡೆ ಮಾಡಲಿಲ್ಲ ಕೂಡ. ರೆಕ್ಕೆಗಳ ಇಂಧನ ಸಮತೋಲ ತಪ್ಪಿದೆ, ಒಂದರಿಂದ ಇನ್ನೊಂದಕ್ಕೆ ಹರಿಸಿ ಎಂದು ಕಂಪ್ಯೂಟರ್ ಹೇಳಿತು. ಸೋರುತ್ತಿರುವ ತೊಟ್ಟಿಗೆ ಒಳ್ಳೆಯ ಇಂಧನ ಸುರಿಯುವುದೇ? ಬೇಡವೆಂದು ಬಿಟ್ಟರು. ಪಟ್ಟಿಯನ್ನು ಪಾಲಿಸುವ ಶಿಸ್ತು, ಪಟ್ಟಿ ಎಲ್ಲಿ ಸೋಲುತ್ತದೆ ಎಂದು ಕಾಣುವ ಬುದ್ಧಿ, ಎರಡೂ ಒಟ್ಟಿಗಿದ್ದವು ಆ ಕಾಕ್‌ಪಿಟ್ಟಿನಲ್ಲಿ. ನನ್ನ ಮಟ್ಟಿಗೆ ಆ ದಿನದ ಅತಿ ದೊಡ್ಡ ಸಂಗತಿ ಇದೇ.

ಒಂದು ಹಂತದಲ್ಲಿ ಕ್ಯಾಪ್ಟನ್, ಉಳಿದ ಎಂಜಿನ್‌ಗಳೂ ನಿಂತರೆ ತೇಲಿಕೊಂಡು ರನ್‌ವೇ ಮುಟ್ಟಲು ಅನುಕೂಲವಾಗಲಿ ಎಂದು ಹತ್ತು ಸಾವಿರ ಅಡಿಗೆ ಏರಲು ಬಯಸಿದರು. ಜೊತೆಯವರು ಬೇಡವೆಂದರು. ಹಾನಿಗೊಂಡ ರೆಕ್ಕೆಯ ಮೇಲೆ ಎಂಜಿನ್‌ಗಳಿಗೆ ಇನ್ನಷ್ಟು ಕೆಲಸ ಹೇರುವುದು ಅವರಿಗೆ ಸರಿಕಾಣಲಿಲ್ಲ. ಕ್ಯಾಪ್ಟನ್ ಅವರ ಮಾತಿಗೆ ಒಪ್ಪಿದರು. ಮುಗಿಯದ ದೋಷಗಳ ಪಟ್ಟಿಯಿಂದ ತಲೆ ತುಂಬಿಹೋದಾಗ ಅವರು ಯೋಚನೆಯನ್ನೇ ತಿರುವಿಹಾಕಿದ್ದಾಗಿ ಮುಂದೆ ವಿವರಿಸಿದ್ದಾರೆ: ಏನೇನು ಹೋಗಿದೆ ಎಂದು ಎಣಿಸುವುದನ್ನು ಬಿಟ್ಟು, ಇಳಿಯಲು ಬೇಕಾದದ್ದರಲ್ಲಿ ಏನೇನು ಉಳಿದಿದೆ ಎಂದು ನೋಡತೊಡಗಿದರು. ಆಗ ಆ ದೈತ್ಯ ವಿಮಾನ ಅವರ ಕಣ್ಣಿಗೆ ಸಣ್ಣ ಸೆಸ್ನಾ ವಿಮಾನದಷ್ಟು ಸರಳವಾಯಿತಂತೆ.

ಇಂಧನ ಚೆಲ್ಲುವ ವ್ಯವಸ್ಥೆಯೂ ಕೆಟ್ಟಿತ್ತು. ಇಳಿಯುವ ಮಿತಿಗಿಂತ ಸುಮಾರು 50 ಟನ್ ಹೆಚ್ಚು ಭಾರದಲ್ಲೇ ಇಳಿಯಬೇಕಿತ್ತು. ನಿಲ್ಲಲು ಎಷ್ಟು ರನ್‌ವೇ ಬೇಕೆಂದು ಕಂಪ್ಯೂಟರಿಗೆ ಕೇಳಿದರೆ ಮೊದಲ ಸಲ ಉತ್ತರವೇ ಬರಲಿಲ್ಲ. ರನ್‌ವೇ ಒಣಗಿದೆ ಎಂದು ತಿದ್ದಿ ಮತ್ತೆ ಲೆಕ್ಕ ಹಾಕಿದಾಗ, ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇಯಲ್ಲಿ ನೂರು ಮೀಟರ್ ಮಿಗುತ್ತದೆ ಎಂದಿತು. ಇಳಿಯುವ ಮುನ್ನ ಎತ್ತರದಲ್ಲೇ ವಿಮಾನವನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ವಾಲಿಸಿ, ಕಡಿಮೆ ವೇಗದಲ್ಲಿ ಅದು ಮಾತು ಕೇಳುತ್ತದೆಯೇ ಎಂದು ಪರೀಕ್ಷಿಸಿದರು. ಚಕ್ರಗಳನ್ನು ಅವುಗಳ ಭಾರಕ್ಕೇ ಇಳಿಬಿಟ್ಟರು. 11 ಗಂಟೆ 46 ನಿಮಿಷಕ್ಕೆ ನೆಲ ಮುಟ್ಟಿತು. ಬ್ರೇಕುಗಳು 900 ಡಿಗ್ರಿ ಸೆಲ್ಸಿಯಸ್ ಕಾದವು, ನಾಲ್ಕು ಟೈರುಗಳು ಗಾಳಿ ಕಳೆದುಕೊಂಡವು. ರನ್‌ವೇ ಮುಗಿಯುವುದಕ್ಕೆ ಸ್ವಲ್ಪವೇ ಮುಂಚೆ ವಿಮಾನ ನಿಂತಿತು.

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ವೈರು ಕತ್ತರಿಸಿದ್ದರಿಂದ ಎಡ ಹೊರಬದಿಯ ಎಂಜಿನ್ ಆರುತ್ತಲೇ ಇರಲಿಲ್ಲ. ರೆಕ್ಕೆಯಿಂದ ಇಂಧನ ಸುರಿಯುತ್ತಿತ್ತು, ಪಕ್ಕದಲ್ಲೇ ಕೆಂಡವಾದ ಬ್ರೇಕು. ತಕ್ಷಣ ಜಾರುಬಂಡಿಗಳನ್ನು ಬಿಡಿಸಿ ಎಲ್ಲರನ್ನೂ ಇಳಿಸಬಹುದಿತ್ತು. ಎರಡು ಮಹಡಿಯ ವಿಮಾನದಿಂದ ಹಾಗೆ ಜಾರುವಾಗ ಕೈಕಾಲು ಮುರಿಯುವವರು ಇದ್ದೇ ಇರುತ್ತಾರೆ. ಜಾರಿ ಇಳಿದವರು ಓಡುವುದು ಇಂಧನದ ಹೊಂಡದಲ್ಲಿ, ತಿರುಗುತ್ತಲೇ ಇದ್ದ ಎಂಜಿನ್ನಿನ ಪಕ್ಕದಲ್ಲಿ. ಅಗ್ನಿಶಾಮಕದವರು ನೊರೆ ಹೊಯ್ಯುತ್ತಿದ್ದರು. ಪೈಲಟ್‌ಗಳು ಎಲ್ಲವನ್ನೂ ತೂಗಿ, ಪ್ರಯಾಣಿಕರು ಒಳಗಿರುವುದೇ ಕ್ಷೇಮವೆಂದು ತೀರ್ಮಾನಿಸಿದರು. ಬಹಳ ಹೊತ್ತಿನ ಮೇಲೆ ಬಲಗಡೆ ಮೆಟ್ಟಿಲು ಹಚ್ಚಿ ಒಬ್ಬೊಬ್ಬರನ್ನಾಗಿ ಇಳಿಸಿದರು. 469 ಜನರಲ್ಲಿ ಯಾರಿಗೂ ಒಂದು ಗಾಯವಾಗಲಿಲ್ಲ. ಬೆಂಗಳೂರಿನಲ್ಲಿ ತಕ್ಷಣ ಇಳಿಸಿದ್ದು ಸರಿ, ಸಿಂಗಪುರದಲ್ಲಿ ಕೂರಿಸಿಕೊಂಡದ್ದೂ ಸರಿ.

ಜೊತೆಯವರು ಬೇಡವೆಂದಾಗ ಕ್ಯಾಪ್ಟನ್ ಕೇಳಿದರು ಎಂದೆನಲ್ಲ, ಅದೂ ಕಲಿತು ಬಂದ ವಿದ್ಯೆಯೇ. ಒಂದು ಕಾಲಕ್ಕೆ ಕ್ಯಾಪ್ಟನ್ನಿನ ಮಾತಿಗೆ ಎದುರಿಲ್ಲ ಎಂಬ ವಾತಾವರಣವಿತ್ತು. 1978ರ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ 173 ಚಕ್ರದ ತೊಂದರೆಯನ್ನು ವಿಚಾರಿಸುತ್ತ ಸುತ್ತಿ ಸುತ್ತಿ, ಇಂಧನವೇ ಮುಗಿದು ಬಿತ್ತು. ಇಂಧನ ಕಡಿಮೆಯಾಗುತ್ತಿರುವುದು ಜೊತೆಯವರಿಗೆ ಗೊತ್ತಿತ್ತು, ಕ್ಯಾಪ್ಟನ್ನಿಗೆ ನಾಟುವಂತೆ ಹೇಳಲಿಲ್ಲ. ಹತ್ತು ಜನ ಸತ್ತರು. ಅದರ ಬೆನ್ನಿಗೇ ಹಿರಿಯ ಕಿರಿಯ ಎನ್ನದೆ ಕಂಡದ್ದನ್ನು ಹೇಳುವ, ಹೇಳಿದ್ದನ್ನು ಕೇಳುವ ತರಬೇತಿ ಶುರುವಾಯಿತು. ಅದೇ ಕಂಪನಿಯ 232ನೇ ವಿಮಾನ 1989ರ ಜುಲೈ 19ರಂದು ಎಲ್ಲ ಹೈಡ್ರಾಲಿಕ್ ವ್ಯವಸ್ಥೆಗಳನ್ನೂ ಕಳೆದುಕೊಂಡಾಗ, ಪ್ರಯಾಣಿಕರಾಗಿ ಕೂತಿದ್ದ ತರಬೇತುದಾರ ಪೈಲಟ್ ಡೆನಿಸ್ ಫಿಚ್ ಅವರನ್ನು ಕ್ಯಾಪ್ಟನ್ ಆಲ್ ಹೇನ್ಸ್ ಒಳಗೆ ಕರೆಸಿಕೊಂಡರು. ಉಳಿದ ಎರಡು ಎಂಜಿನ್‌ಗಳ ಬಲವನ್ನು ಏರಿಳಿಸಿಯೇ ವಿಮಾನವನ್ನು ತಿರುಗಿಸಿ ಸೂ ಸಿಟಿಯ ರನ್‌ವೇವರೆಗೆ ತಂದರು. ವಿಮಾನ ಛಿದ್ರವಾಯಿತು. ಆದರೂ 296 ಜನರಲ್ಲಿ 184 ಮಂದಿ ಬದುಕಿದರು. ಈ ತರಬೇತಿ ಇಲ್ಲದಿದ್ದರೆ ಅದು ಸಾಧ್ಯವಿರಲಿಲ್ಲ ಎಂದು ಹೇನ್ಸ್ ಕೊನೆಯವರೆಗೂ ಹೇಳುತ್ತಿದ್ದರು.

ಎರಡೇ ಎಂಜಿನ್ನಿನಲ್ಲಿ ಸಾಗರ ದಾಟುವುದು ಹೇಗೆ ಎಂಬ ಆತಂಕ ಅನೇಕರಿಗಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ದಾರಿಯಾಗಿ ಬೆಂಗಳೂರಿಗೆ ತಡೆರಹಿತವಾಗಿ ಬಂದಾಗ ಹಾರಿಸಿದ ಬೋಯಿಂಗ್ 777ಕ್ಕೂ ಇದ್ದದ್ದು ಎರಡೇ ಎಂಜಿನ್. ಇಂಥ ಪಯಣದ ದಾರಿಯನ್ನು ಎಳೆಯುವಾಗಲೇ, ಯಾವ ಬಿಂದುವಿನಲ್ಲಿ ಎಂಜಿನ್ ನಿಂತರೂ ಉಳಿದ ಒಂದರಲ್ಲೇ ನಿಗದಿತ ನಿಮಿಷಗಳೊಳಗೆ ತಲುಪಬಹುದಾದ ನಿಲ್ದಾಣವೊಂದು ಇರುವಂತೆ ನೋಡಿಕೊಳ್ಳುತ್ತಾರೆ. ಆ ನಿಲ್ದಾಣದ ಹವಾಮಾನವನ್ನು ದಾರಿಯುದ್ದಕ್ಕೂ ಗಮನಿಸುತ್ತಿರುತ್ತಾರೆ. ನೀವು ನಿದ್ದೆಯಲ್ಲಿರುವಾಗ ಕಾಕ್‌ಪಿಟ್ಟಿನಲ್ಲಿ ನಡೆಯುವ ಮಾತುಗಳಲ್ಲಿ, ಈ ಕ್ಷಣ ತೊಂದರೆಯಾದರೆ ಎಲ್ಲಿಗೆ ಹೋಗೋಣ ಎಂಬುದೂ ಒಂದು.

ಇದನ್ನೆಲ್ಲ ಅವರು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ನಮ್ಮ ದೇಶದ ಪೈಲಟ್‌ಗಳು ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಕೂತು ಪರೀಕ್ಷೆ ಕೊಡಬೇಕು. ಎಂಜಿನ್ ನಿಲ್ಲುತ್ತದೆ, ಬೆಂಕಿ ಹತ್ತುತ್ತದೆ, ಚಕ್ರ ಸಿಕ್ಕಿಕೊಳ್ಳುತ್ತದೆ, ಎಲ್ಲವೂ ಆ ಕೃತಕ ಕಾಕ್‌ಪಿಟ್ಟಿನಲ್ಲಿ. ತೇರ್ಗಡೆಯಾಗದಿದ್ದರೆ ಹಾರುವಂತಿಲ್ಲ. ತಮ್ಮ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ನಿಜವಾದ ಎಂಜಿನ್ ವೈಫಲ್ಯ ಕಾಣದೆ ನಿವೃತ್ತರಾಗುವ ಪೈಲಟ್‌ಗಳು ಬಹಳ. ಅವರೂ ಅದಕ್ಕಾಗಿ ವರ್ಷಕ್ಕೆ ಎರಡು ಸಲ ಬೆವರಿಳಿಸಿರುತ್ತಾರೆ.

ಹೊರಡುವ ಮೊದಲಿನ ವಿಳಂಬದ ಬಗ್ಗೆಯೂ ಒಂದು ಮಾತು. ಯಾವ ಭಾಗ ಕೆಟ್ಟಿದ್ದರೂ ಹಾರಬಹುದು, ಎಷ್ಟು ದಿನದೊಳಗೆ ಸರಿಪಡಿಸಬೇಕು, ಯಾವುದು ಕೆಟ್ಟಿದ್ದರೆ ಕದಲಲೇಕೂಡದು ಎಂಬುದಕ್ಕೆ ಪ್ರತಿ ವಿಮಾನಕ್ಕೂ ಅಂಗೀಕೃತ ಪಟ್ಟಿಯಿದೆ. ಪಟ್ಟಿ ಅನುಮತಿಸಿದರೂ ಕ್ಯಾಪ್ಟನ್ ಒಲ್ಲೆ ಎನ್ನಬಹುದು. ಹಾಗೆ ಒಲ್ಲೆ ಎಂದ ಕ್ಯಾಪ್ಟನ್ನಿನ ಮೇಲೆ, ಎರಡು ಗಂಟೆ ತಡವಾಯಿತೆಂದು ಗೇಟಿನ ಬಳಿ ನಿಂತ ಸಿಬ್ಬಂದಿಯ ಮೇಲೆ ಕೂಗಾಡುವ ದೃಶ್ಯ ಈಚೆಗೆ ನಮ್ಮ ನಿಲ್ದಾಣಗಳಲ್ಲಿ ಹೆಚ್ಚುತ್ತಿದೆ. ನೋಡಿದರೆ ನೋವಾಗುತ್ತದೆ. ತಾಂತ್ರಿಕ ದೋಷದಿಂದ ಮರಳಿದ ವಿಮಾನದ ಸುದ್ದಿಯನ್ನು ಭೀತಿಯ ಸುದ್ದಿಯಾಗಿ ಬಿತ್ತರಿಸುವ ನಾವು, ಪತ್ರಿಕೆಯವರು, ಕೂಡ ಯೋಚಿಸಬೇಕು. ಮರಳಿ ಬರುವ ಪೈಲಟ್ಟಿಗೆ ಅವಮಾನವಾಗುವಂಥ ವಾತಾವರಣ ಬೆಳೆದರೆ, ಮುಂದಿನ ಸಲ ಮರಳಬೇಕಾದವರು ಮರಳಲು ಹಿಂಜರಿಯಬಹುದು.

ಸಿಂಗಪುರದಲ್ಲಿ ಇಳಿದ ಆ ಎ380ರ ತನಿಖೆಯನ್ನು ಆಸ್ಟ್ರೇಲಿಯದ ಸಾರಿಗೆ ಸುರಕ್ಷತಾ ಮಂಡಳಿ 2013ರಲ್ಲಿ ಮುಗಿಸಿತು. ಎಂಜಿನ್ನಿನೊಳಗೆ ಎಣ್ಣೆ ಸಾಗಿಸುವ ಒಂದು ಚಿಕ್ಕ ಕೊಳವೆಯನ್ನು ಕೊರೆಯುವಾಗ ಕೇಂದ್ರ ತಪ್ಪಿತ್ತು. ಒಂದು ಬದಿಯ ಗೋಡೆ ತೆಳುವಾಗಿ, ಹಾರಾಟದಿಂದ ಹಾರಾಟಕ್ಕೆ ದಣಿದು ಬಿರುಕು ಬಿಟ್ಟಿತು. ಎಣ್ಣೆ ಸೋರಿ ಬೆಂಕಿ ಹತ್ತಿ ತಟ್ಟೆ ಒಡೆಯಿತು. ಜಗತ್ತಿನಾದ್ಯಂತ ಆ ಮಾದರಿಯ ಎಂಜಿನ್‌ಗಳನ್ನು ಘಟನೆಯ ಬೆನ್ನಿಗೇ ತಪಾಸಣೆಗೆ ಒಳಪಡಿಸಿದ್ದರು. ಅಂಥದೇ ಓರೆ ಕೊರೆತದ ಕೊಳವೆಗಳಿದ್ದ ಎಂಜಿನ್‌ಗಳನ್ನು ಸೇವೆಯಿಂದ ತೆಗೆದರು. ತಟ್ಟೆ ಹಠಾತ್ತಾಗಿ ಅತಿವೇಗಕ್ಕೆ ಹೋಗದಂತೆ ಕಂಪ್ಯೂಟರ್ ತಾನೇ ಎಂಜಿನ್ನನ್ನು ಆರಿಸುವ ಹಾಗೆ ಅದರ ತಂತ್ರಾಂಶವನ್ನೂ ಬದಲಿಸಿದರು. ಸುಮಾರು ಹದಿನೇಳು ತಿಂಗಳ ದುರಸ್ತಿಯ ನಂತರ, 2012ರ ಏಪ್ರಿಲಿನಲ್ಲಿ ಅದೇ ವಿಮಾನ ಮತ್ತೆ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು.